ಮಲಾವಿಯ ಡೆಡ್ಜಾ ಜಿಲ್ಲೆಯಲ್ಲಿ ಗ್ರಾಮಾಭಿವೃದ್ಧಿ ಕಾರ್ಯಕ್ರಮ: ಕೊಳವೆಬಾವಿ ಮೊದಲೋ, ಉಳಿತಾಯ ಗುಂಪು ಮೊದಲೋ?

ಹೊಸಹೆಜ್ಜೆ:
ಎಲ್ಲರಿಗೂ ನಮಸ್ಕಾರ. ಮಲಾವಿಯ ಮಧ್ಯ ಭಾಗದ ಡೆಡ್ಜಾ ಜಿಲ್ಲೆಯಲ್ಲಿ, ಒಂದು ಟಿಎ ವ್ಯಾಪ್ತಿಯ 30 ಹಳ್ಳಿಗಳಲ್ಲಿ ಮೂರು ವರ್ಷದ ಕಾರ್ಯಕ್ರಮ ಶುರು ಮಾಡುವ ಆಲೋಚನೆಯಿದೆ. ಟಿಎ ಅಂದರೆ ಅಲ್ಲಿ ಟ್ರಡಿಷನಲ್ ಅಥಾರಿಟಿ, ದೊಡ್ಡ ಮುಖ್ಯಸ್ಥರ ಸರಹದ್ದು. ದುಡ್ಡು ಕೊಡುತ್ತಿರುವವರು ಬೆಂಗಳೂರು ಮತ್ತು ದುಬೈನ ಕನ್ನಡಿಗರು. ಸದ್ಯ ಕಾಗದದ ಮೇಲಿರುವುದು ಇಷ್ಟು: 10 ಹೊಸ ಕೊಳವೆಬಾವಿ, ನಮ್ಮ ಸ್ತ್ರೀಶಕ್ತಿ ಮಾದರಿಯ 30 ಗುಂಪು, ಗುಂಪಿಗೆ ಎರಡರಂತೆ ಹೊಲಿಗೆ ಯಂತ್ರ, ಬಡ ಮನೆಗಳಿಗೆ ಮೇಕೆ. ಜನವರಿಯಲ್ಲಿ ಉದ್ಘಾಟನೆ ಇಟ್ಟುಕೊಳ್ಳೋಣ ಅಂತ ದಾನಿಗಳು ಹೇಳ್ತಿದ್ದಾರೆ.

ಅನುಮತಿ ಯಾರಿಂದ, ಯಾವ ಕ್ರಮದಲ್ಲಿ ತಗೋಬೇಕು? ಮೊದಲು ಬಾವಿ ಕೊರೆಸಿದರೆ ಜನರ ವಿಶ್ವಾಸ ಬೇಗ ಬರುತ್ತೆ ಅನ್ನೋ ವಾದ ಸರಿಯಾ? ಸ್ತ್ರೀಶಕ್ತಿ ಲೆಕ್ಕದ ಪುಸ್ತಕಗಳನ್ನೇ ಚಿಚೇವಾ ಭಾಷೆಗೆ ತಂದರೆ ನಡೆಯುತ್ತಾ? ಆ ಭಾಗ ಗೊತ್ತಿರುವವರು ದಯವಿಟ್ಟು ತಿಳಿಸಿ.

ಶಿರೆದಂಡೆ:
ಮೊದಲ ಕೆಲಸ, ಜನವರಿಯನ್ನು ಕ್ಯಾಲೆಂಡರಿನಿಂದ ಕಿತ್ತುಹಾಕಿ.

ಮಲಾವಿಯಲ್ಲಿ ಮಳೆ ಇರುವುದು ಒಂದೇ ಕಾಲ, ನವೆಂಬರಿನಿಂದ ಏಪ್ರಿಲ್‌ವರೆಗೆ. ಜೋಳದ ಕಟಾವು ಏಪ್ರಿಲ್-ಮೇ. ಜೋಳ ಅಂದರೆ ಇಲ್ಲಿ ಮೆಕ್ಕೆಜೋಳ, ಅದರ ಹಿಟ್ಟಿನ ಮುದ್ದೆಯೇ ನ್ಸಿಮಾ, ದಿನದ ಊಟ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಡವರ ಕಣಜ ಖಾಲಿ. ಆಗ ಅವರು ತಮ್ಮ ಹೊಲದ ಕಳೆ ಬಿಟ್ಟು ಇನ್ನೊಬ್ಬರ ಹೊಲಕ್ಕೆ ಗನ್ಯುಗೆ, ಅಂದರೆ ಕೂಲಿಗೆ ಹೋಗ್ತಾರೆ. ಜನವರಿಯಲ್ಲಿ ಸಭೆ ಕರೆದರೆ ಬಂದು ಕೂರುವವರು ಮನೆಯಲ್ಲಿ ಇನ್ನೂ ಜೋಳ ಉಳಿದವರು. ಅವರ ಹೆಸರುಗಳೇ ನಿಮ್ಮ ಪಟ್ಟಿಯಾಗುತ್ತೆ, ಆಮೇಲೆ ಮೂರು ವರ್ಷ ಆ ಪಟ್ಟಿಯನ್ನು ತಿದ್ದೋಕೆ ಆಗಲ್ಲ. ಎಂ1 ಹೆದ್ದಾರಿ ಬಿಟ್ಟು ಒಳಗೆ ಇಳಿದರೆ ರಸ್ತೆ ಜೇಡಿ, ಗಾಡಿ ಹೂತುಹೋಗುತ್ತೆ.

ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗೆ ಕಚೇರಿ ಕೆಲಸ, ಏಪ್ರಿಲ್‌ನಿಂದ ಹಳ್ಳಿ. ಇನ್ನೊಂದು ಅನುಕೂಲ: 2022ರಿಂದ ಮಲಾವಿಯ ಬಜೆಟ್ ವರ್ಷವೂ ನಮ್ಮ ಹಾಗೆ ಏಪ್ರಿಲ್-ಮಾರ್ಚ್. ಮೊದಲು ಜುಲೈಗೆ ಶುರುವಾಗ್ತಿತ್ತು, ಹಳೆಯ ಮಾರ್ಗದರ್ಶಿಗಳಲ್ಲಿ ಹಾಗೇ ಇದೆ, ಮೋಸಹೋಗಬೇಡಿ.

ಅನುಮತಿಯ ದಾರಿ ಮೇಲಿಂದ ಕೆಳಗೆ. ಸರ್ಕಾರೇತರ ಸಂಸ್ಥೆಗಳ ನಿಯಂತ್ರಣ ಪ್ರಾಧಿಕಾರದ ನೋಂದಣಿ ಇಲ್ಲದೆ ಜಿಲ್ಲೆಯಲ್ಲಿ ಯಾರೂ ಮಾತಾಡಿಸಲ್ಲ. ಮೂರೇ ವರ್ಷದ ಕೆಲಸವಾದರೆ ಸ್ವಂತ ನೋಂದಣಿಗೆ ಓಡಾಡುವುದಕ್ಕಿಂತ, ಈಗಾಗಲೇ ನೋಂದಣಿ ಇರುವ, ಅದೇ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿರುವ ಸ್ಥಳೀಯ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ಜಾಣತನ. ಆಮೇಲೆ ಜಿಲ್ಲಾ ಕೌನ್ಸಿಲ್. ಅಲ್ಲಿ ಡಿಸ್ಟ್ರಿಕ್ಟ್ ಕಮಿಷನರ್ ಸಹಿ ಹಾಕುವವರು, ಆದರೆ ನಿಮ್ಮ ಕಡತ ಓದುವವರು ಯೋಜನಾ ನಿರ್ದೇಶಕರು. ಅವರ ಮೂಲಕ ಡಿಇಸಿ ಎಂಬ ಜಿಲ್ಲಾ ಕಾರ್ಯಕಾರಿ ಸಮಿತಿಯ ಮುಂದೆ ಮಂಡನೆ. ಎಲ್ಲ ಇಲಾಖೆಯವರೂ ಅಲ್ಲಿ ಕೂತಿರ್ತಾರೆ, ಮೊದಲ ಪ್ರಶ್ನೆ ‘ಜಿಲ್ಲಾ ಅಭಿವೃದ್ಧಿ ಯೋಜನೆಯ ಯಾವ ಅಂಶಕ್ಕೆ ಇದು ಸೇರುತ್ತೆ?’ ಅಂತಲೇ. ಎರಡನೆಯದು ‘ನೀವು ಹೋದಮೇಲೆ ಯಾರು ನೋಡ್ಕೋತಾರೆ?’. ಈ ಎರಡಕ್ಕೂ ಉತ್ತರ ಇರುವ ಐದು ಪುಟದ ಟಿಪ್ಪಣಿ, ಬಜೆಟ್, ಒಪ್ಪಂದದ ಕರಡು ಇಷ್ಟಿದ್ದರೆ ಸಾಕು. ಬಣ್ಣದ ಪುಸ್ತಿಕೆ ಬೇಡ.

ಡಿಇಸಿ ಒಪ್ಪಿದ ಮೇಲೆ ಟಿಎ ಮನೆಗೆ ಹೋಗಿ. ಅಲ್ಲಿಂದ ಪ್ರದೇಶ ಅಭಿವೃದ್ಧಿ ಸಮಿತಿ ಎಡಿಸಿ, ಅದರ ಕೆಳಗೆ ಕೆಲವು ಹಳ್ಳಿಗಳ ಗುಂಪಿನ ಮುಖ್ಯಸ್ಥರಾದ ಗ್ರೂಪ್ ವಿಲೇಜ್ ಹೆಡ್‌ಮ್ಯಾನ್ ಮಟ್ಟದ ಗ್ರಾಮ ಅಭಿವೃದ್ಧಿ ಸಮಿತಿ ವಿಡಿಸಿ, ಕೊನೆಗೆ ಹಳ್ಳಿ ಮುಖ್ಯಸ್ಥರು. ಒಂದು ಮೆಟ್ಟಿಲು ಹಾರಿದರೂ ಕೆಲಸ ನಿಲ್ಲುತ್ತೆ, ಆದರೆ ‘ನಿಲ್ಲಿಸಿದ್ದೇವೆ’ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ. ಸಭೆಗೆ ಜನ ಬರಲ್ಲ, ಅಷ್ಟೇ.

ಹಳ್ಳಿ ಸಭೆಯಲ್ಲಿ ಗಂಡಸರು ಕುರ್ಚಿ, ಬೆಂಚಿನ ಮೇಲೆ, ಹೆಂಗಸರು ನೆಲದ ಮೇಲೆ ಒಂದು ಪಕ್ಕ. ಬೆರೆತ ಸಭೆಯಲ್ಲಿ ಹೆಂಗಸರಿಂದ ಬರುವ ಉತ್ತರ ಮುಖ್ಯಸ್ಥರ ಉತ್ತರವೇ. ಅದೇ ದಿನ, ಅದೇ ಪ್ರಶ್ನೆಗಳನ್ನು ಹೆಣ್ಣು ಕಾರ್ಯಕರ್ತೆಯೊಬ್ಬರು ಹೆಂಗಸರಿಗೇ ಬೇರೆ ಕೂತು ಕೇಳಬೇಕು. ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಹೊಲಿಗೆ ಯಂತ್ರ ಎರಡರಲ್ಲೂ ಇರಲ್ಲ. ಸಂತೆ ತುಂಬ ಕೌಂಜಿಕಾ ರಾಶಿ ಬಿದ್ದಿರುತ್ತೆ, ಹೊರದೇಶದ ಹಳೇ ಬಟ್ಟೆ. ಅಲ್ಲಿ ದರ್ಜಿಗೆ ಸಿಗೋದು ರಿಪೇರಿ ಮತ್ತು ಶಾಲೆ ಸಮವಸ್ತ್ರ. ಹಳ್ಳಿಗೆ ಎರಡು ಯಂತ್ರ ಹೊಟ್ಟೆಪಾಡಿಗೆ ಸಾಲುವ ಕೆಲಸ ಕಾಣಲ್ಲ.

ಕೊಳವೆಭಟ್ಟ:
ಶಿರೆದಂಡೆಯವರು ಹೇಳಿದ್ದಕ್ಕೆ ನೀರಿನ ಭಾಗ ಸೇರಿಸ್ತೀನಿ.

ಹತ್ತು ಹೊಸ ಬಾವಿ ಅಂತ ಸಂಖ್ಯೆ ಮೊದಲೇ ಬರೆದಿದ್ದೇ ತಪ್ಪು. ಆ ಟಿಎ ಒಳಗೆ ಈಗಾಗಲೇ ಎಷ್ಟು ಕೈಪಂಪು ಇವೆ, ಎಷ್ಟು ಕೆಟ್ಟು ನಿಂತಿವೆ, ಏನು ಕೆಟ್ಟಿದೆ? ಜಿಲ್ಲಾ ನೀರು ಕಚೇರಿಯ ಪಟ್ಟಿ ತಗೊಂಡು ಒಂದೊಂದನ್ನೂ ಕಾಲ್ನಡಿಗೆಯಲ್ಲಿ ಹೋಗಿ ನೋಡಬೇಕು. ಒಂದು ಹೊಸ ಬಾವಿಯ ದುಡ್ಡಿನಲ್ಲಿ ಹತ್ತಾರು ಪಂಪು ಮತ್ತೆ ಓಡುತ್ತವೆ. ಉದ್ಘಾಟನೆಯ ಫೋಟೋ ಚೆನ್ನಾಗಿ ಬರಲ್ಲ, ನಿಜ.

ಅಲ್ಲಿ ಹೆಚ್ಚಾಗಿ ಕಾಣೋದು ಅಫ್ರಿದೇವ್ ಪಂಪು. 1980ರ ದಶಕದಲ್ಲಿ ಕೆನ್ಯಾ, ಮಲಾವಿಗಳ ಪರೀಕ್ಷೆಗಳಲ್ಲಿ ರೂಪುಗೊಂಡದ್ದು. ಈಗ ಭಾರತದಲ್ಲೂ ತಯಾರಾಗಿ ಹಡಗು ಹತ್ತುತ್ತೆ. ನಮ್ಮ ಊರುಗಳ ಇಂಡಿಯಾ ಮಾರ್ಕ್ 2 ನೋಡಿದವರು ಅದೇ ಅಂತ ಅಂದುಕೋಬೇಡಿ. ಮಾರ್ಕ್ 2ರಲ್ಲಿ ವಾಷರ್ ಬದಲಿಸಬೇಕೆಂದರೆ ಟ್ರೈಪಾಡ್ ಕಟ್ಟಿ, ಕಬ್ಬಿಣದ ಪೈಪನ್ನೆಲ್ಲ ಮೇಲಕ್ಕೆ ಎಳೀಬೇಕು. ಅಫ್ರಿದೇವ್‌ನಲ್ಲಿ ಪಿವಿಸಿ ಪೈಪು ಹಾಗೇ ಇರುತ್ತೆ. ಕೊಕ್ಕೆ ಹಾಕಿದ ರಾಡುಗಳನ್ನು ಕೈಯಲ್ಲೇ ಎಳೆದರೆ ನೀರೆತ್ತುವ ಪಿಸ್ಟನ್, ಅಂದರೆ ಪ್ಲಂಜರ್ ಮೇಲೆ ಬರುತ್ತೆ, ನೀರು ವಾಪಸ್ ಇಳಿಯದಂತೆ ತಡೆಯುವ ತಳದ ಫುಟ್‌ವಾಲ್ವನ್ನು ಒಂದು ಮೀನುಗಾಳದಂಥ ಸಲಕರಣೆ ಇಳಿಸಿ ಎತ್ತಬಹುದು. ಒಂದು ಸ್ಪ್ಯಾನರ್, ಒಂದು ಗಾಳ, ಇಬ್ಬರು ಹೆಂಗಸರು, ಅರ್ಧ ದಿನ. ಆಳದ ಮಿತಿ 45 ಮೀಟರ್, ಅದಕ್ಕಿಂತ ಕೆಳಗೆ ನೀರಿದ್ದರೆ ಈ ಪಂಪು ಹಾಕಿಸಬೇಡಿ.

ಸರ್ವೆಗೆ ಹೋದಾಗ ಪ್ರತಿ ಪಂಪಿಗೂ ಎರಡು ಪರೀಕ್ಷೆ. ಒಂದು ನಿಮಿಷದಲ್ಲಿ 40 ಸಲ ಪೂರ್ತಿ ಒತ್ತಿ, 10 ಲೀಟರಿಗಿಂತ ಕಮ್ಮಿ ಬಂದರೆ ಪ್ಲಂಜರಿನ ರಬ್ಬರ್ ಬಳೆ ಯು-ಸೀಲ್ ಸವೆದಿದೆ. ಆಮೇಲೆ ಅರ್ಧ ಗಂಟೆ ಯಾರೂ ಮುಟ್ಟದ ಹಾಗೆ ಬಿಟ್ಟು ಮತ್ತೆ ಒತ್ತಿ; ನೀರು ಬರೋಕೆ ಐದಕ್ಕಿಂತ ಹೆಚ್ಚು ಸಲ ಒತ್ತಬೇಕಾದರೆ ಫುಟ್‌ವಾಲ್ವ್ ಸೋರುತ್ತಿದೆ, ಅದರ ರಬ್ಬರ್ ಮುಚ್ಚಳ ಬಾಬಿನ್ ಅಥವಾ ರಬ್ಬರ್ ಉಂಗುರ ಒ-ರಿಂಗ್ ಬದಲಿಸಬೇಕು. ಅವನ್ನು ಬದಲಿಸಿದರೂ ನೀರು ಕೆಳಗಿಳಿದರೆ ಪಿವಿಸಿ ಪೈಪಿನ ಅಂಟಿನ ಜಾಯಿಂಟೇ ಬಿಟ್ಟಿದೆ. ಅದು ಹಳ್ಳಿ ಸಮಿತಿಯ ಕೈಯಲ್ಲಾಗುವ ಕೆಲಸವಲ್ಲ, ಏರಿಯಾ ಮೆಕ್ಯಾನಿಕ್ ಬೇಕು. ಹಿಡಿಕೆ ಅಕ್ಕಪಕ್ಕ ಅಲ್ಲಾಡಿದರೆ ಅದು ತಿರುಗುವ ಕಡೆಯ ಬುಷ್ ಬೇರಿಂಗ್ ಹೋಗಿದೆ. ಪ್ಲಾಸ್ಟಿಕ್ಕಿನದು, ಅಗ್ಗ, ಆದರೆ ಅದನ್ನು ಬಿಟ್ಟರೆ ಹಿಡಿಕೆಯ ಪಿನ್ನೇ ತಿಂದುಹೋಗುತ್ತೆ. ಯು-ಸೀಲ್, ಬುಷ್ ಇವನ್ನು ಕೆಡಲಿ ಅಂತ ಕಾಯದೆ ವರ್ಷಕ್ಕೊಮ್ಮೆ ಬದಲಿಸಿಬಿಡಬೇಕು.

ಇಷ್ಟಾದಮೇಲೂ ಹೊಸ ಬಾವಿ ಬೇಕಾದ ಹಳ್ಳಿ ಇರುತ್ತವೆ. ಸರ್ಕಾರದ ಮಾನದಂಡ ಒಂದು ಬಾವಿಗೆ 250 ಜನ, 500 ಮೀಟರ್ ಒಳಗೆ. ಲೆಕ್ಕ ಹಾಕಿ: ತಲೆಗೆ 20 ಲೀಟರ್ ಅಂದರೆ ದಿನಕ್ಕೆ 5,000 ಲೀಟರ್. ಸೆಕೆಂಡಿಗೆ ಕಾಲು ಲೀಟರ್ ಕೊಡುವ ಬಾವಿಯಲ್ಲಿ ಗಂಟೆಗೆ 900 ಲೀಟರ್, ಅಂದರೆ ಐದೂವರೆ ಗಂಟೆ ಬಿಡದೆ ಒತ್ತಬೇಕು. ಅದೇ ಬಾವಿಗೆ ಸಾವಿರ ಜನ ಬಂದರೆ ರಾತ್ರಿಯಿಡೀ ಸಾಲು, ಆರು ತಿಂಗಳಲ್ಲಿ ಸೀಲು ಢಮಾರ್.

ಕೊರೆಸೋದು ಆಗಸ್ಟ್‌ನಿಂದ ಅಕ್ಟೋಬರ್ ನಡುವೆ, ಅಂತರ್ಜಲ ತೀರಾ ಕೆಳಗಿದ್ದಾಗ. ಮಾರ್ಚ್‌ನಲ್ಲಿ ಕೊರೆದ ಬಾವಿ ಪರೀಕ್ಷೆಯಲ್ಲಿ ಜೋರಾಗಿ ನೀರು ಕೊಟ್ಟು ಅಕ್ಟೋಬರಿನಲ್ಲಿ ಕೈಕೊಡುತ್ತೆ. ಜಾಗ ಗುರುತಿಸುವವರು ಬೇರೆ, ಕೊರೆಯುವವರು ಬೇರೆ ಇರಲಿ. ಒಬ್ಬರಿಗೇ ಕೊಟ್ಟರೆ ರಿಗ್ ಸುಲಭವಾಗಿ ನಿಲ್ಲುವ ಜಾಗವೇ ‘ನೀರಿರುವ ಜಾಗ’ ಆಗುತ್ತೆ. ಒಪ್ಪಂದದಲ್ಲಿ ಒಣ ಬಾವಿಗೆ ಎಷ್ಟು, ನೀರು ಬಂದ ಬಾವಿಗೆ ಎಷ್ಟು ಅಂತ ಬೇರೆಬೇರೆ ಬರೆಯಿರಿ. ಕೇಸಿಂಗ್ ಸುತ್ತ ಜಲ್ಲಿ, ಮೇಲ್ಭಾಗದಲ್ಲಿ ಜೇಡಿ ಅಥವಾ ಸಿಮೆಂಟಿನ ಸೀಲ್, ನೀರು ತಿಳಿಯಾಗುವವರೆಗೆ ತೊಳೆಯುವುದು, ಪಂಪಿಂಗ್ ಪರೀಕ್ಷೆ, ನೀರಿನ ಗುಣ ಪರೀಕ್ಷೆ, ಪ್ರತಿ ಹಂತದಲ್ಲೂ ನಿಮ್ಮವರೊಬ್ಬರು ಅಲ್ಲಿ ನಿಂತಿರಬೇಕು. ಮಣ್ಣು ಮುಚ್ಚಿದ ಮೇಲೆ ಯಾವುದೂ ಕಾಣಲ್ಲ.

ಪಂಪಿನ ಸುತ್ತಲ ಕಟ್ಟೆಗೆ 1:2:4 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು, ಏಳು ದಿನ ಗೋಣಿ ಹಾಸಿ ನೀರುಣಿಸಬೇಕು. ಮೂರನೇ ದಿನಕ್ಕೇ ಬಕೆಟ್ ಇಟ್ಟು ನೀರು ಹಿಡಿಯೋಕೆ ಶುರು ಮಾಡ್ತಾರೆ, ಬಿರುಕು ಬರೋದು ಅಲ್ಲಿಂದಲೇ. ಹಿಡಿಕೆ ಬಿಚ್ಚಿ ಮುಖ್ಯಸ್ಥರ ಮನೆಯಲ್ಲಿಡುವುದೇ ಇದಕ್ಕೆ ಮದ್ದು. ಚೆಲ್ಲಿದ ನೀರು ಹರಿಯುವ ಕಾಲುವೆ ಕನಿಷ್ಠ ಆರು ಮೀಟರ್ ಉದ್ದ ಇರಲಿ, ಕೊನೆಯಲ್ಲಿ ಇಂಗುಗುಂಡಿ ಅಥವಾ ಸೊಪ್ಪಿನ ಮಡಿ. ಪಾಯಿಖಾನೆ 30 ಮೀಟರಿಗಿಂತ ಹತ್ತಿರ ಬೇಡ.

ಖಾತೆಪುಸ್ತಕ:
ಗುಂಪಿನ ಪ್ರಶ್ನೆಗೆ ಬರ್ತೀನಿ. ಸ್ತ್ರೀಶಕ್ತಿ ಪುಸ್ತಕಗಳನ್ನು ಮನೆಯಲ್ಲೇ ಬಿಟ್ಟು ಹೋಗಿ.

ನಮ್ಮ ಸ್ವಸಹಾಯ ಗುಂಪು ನಿಂತಿರೋದು ಬ್ಯಾಂಕಿನ ಮೇಲೆ. 1992ರಲ್ಲಿ ನಬಾರ್ಡ್ ಬ್ಯಾಂಕ್ ಜೋಡಣೆ ಶುರು ಮಾಡಿದ ಮೇಲೆ ಉಳಿತಾಯ ಅನ್ನೋದು ಸಾಲದ ಅರ್ಹತೆಗೆ ಮೆಟ್ಟಿಲಾಯ್ತು, ದುಡ್ಡು ವರ್ಷಗಟ್ಟಲೆ ಗುಂಪಿನಲ್ಲೇ ಇರುತ್ತೆ. ಡೆಡ್ಜಾದ ಹಳ್ಳಿಗೆ ಹತ್ತಿರದಲ್ಲಿ ಬ್ಯಾಂಕ್ ಇಲ್ಲ. ಅಲ್ಲಿ ಬೇರೂರಿರುವುದು ಇನ್ನೊಂದು ಪದ್ಧತಿ: 1991ರಲ್ಲಿ ಕೇರ್ ಸಂಸ್ಥೆ ನೈಜರ್ ದೇಶದಲ್ಲಿ ಶುರು ಮಾಡಿದ, ಹಳ್ಳಿಯ ಉಳಿತಾಯ-ಸಾಲ ಸಂಘ ಎಂಬ ಅರ್ಥದ ವಿಎಸ್‌ಎಲ್‌ಎ. ಮಲಾವಿಯಲ್ಲಿ ಜನ ಇದನ್ನು ‘ಬ್ಯಾಂಕಿ ಮ್ಖೋಂಡೆ’ ಅಂತಾರೆ, ಜಗಲಿ ಬ್ಯಾಂಕು. ನೀವು ಹೋಗುವ ಮೊದಲೇ ಪ್ರತಿ ಹಳ್ಳಿಯಲ್ಲೂ ಒಂದೆರಡು ಇರಬಹುದು. ಅವನ್ನು ಒಡೆದು ನಿಮ್ಮ ಹೆಸರಿನ ಗುಂಪು ಮಾಡಬೇಡಿ, ಇದು ಅಲ್ಲಿ ಮಾಮೂಲಿ ತಪ್ಪು.

15ರಿಂದ 25 ಜನ, ತಾವೇ ಆರಿಸಿಕೊಂಡವರು. ವಾರಕ್ಕೊಂದು ಸಭೆ. ಸಭೆಗೆ ಒಬ್ಬರು ಒಂದರಿಂದ ಐದು ಷೇರು ಕೊಳ್ಳಬಹುದು, ಕೊಂಡಷ್ಟು ಮುದ್ರೆ ಪಾಸ್‌ಪುಸ್ತಕದಲ್ಲಿ. ಅಕ್ಷರ ಬಾರದಿದ್ದರೂ ಮುದ್ರೆ ಎಣಿಸಬಹುದು. ತಗಡಿನ ಪೆಟ್ಟಿಗೆಗೆ ಮೂರು ಬೀಗ. ಬೀಗದ ಕೈಗಳು ಮೂವರು ಸಾಮಾನ್ಯ ಸದಸ್ಯರ ಹತ್ತಿರ, ಪದಾಧಿಕಾರಿಗಳ ಹತ್ತಿರ ಅಲ್ಲ. ಪೆಟ್ಟಿಗೆ ತೆರೆಯೋದು, ಸಾಲ ಕೊಡೋದು, ಹಿಂದಿರುಗಿಸೋದು ಎಲ್ಲ ಎಲ್ಲರ ಕಣ್ಣೆದುರು. ಸಾಲ ತನ್ನ ಉಳಿತಾಯದ ಮೂರರಷ್ಟಕ್ಕಿಂತ ಹೆಚ್ಚು ಇಲ್ಲ, ಮೂರು ತಿಂಗಳೊಳಗೆ ತೀರಬೇಕು. ಕಷ್ಟಸುಖದ ನಿಧಿ ಬೇರೆ ಚೀಲದಲ್ಲಿ. ವರ್ಷದ ಕೊನೆಗೆ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿ ಷೇರಿನ ಪ್ರಕಾರ ಹಂಚಿಕೆ, ಆಮೇಲೆ ಮತ್ತೆ ಸೊನ್ನೆಯಿಂದ. ಈ ಖಾಲಿ ಮಾಡುವುದೇ ಇದರ ಆಡಿಟ್.

ಉದಾಹರಣೆಗೆ ಷೇರಿಗೆ 500 ಕ್ವಾಚಾ (ಮಲಾವಿಯ ನಾಣ್ಯ), 20 ಜನ, ಸರಾಸರಿ ಮೂರು ಷೇರು, 28 ವಾರ: 1,680 ಷೇರು, 8,40,000 ಕ್ವಾಚಾ. ಸಾಲದ ಬಡ್ಡಿ, ದಂಡ ಸೇರಿ ಪೆಟ್ಟಿಗೆಯಲ್ಲಿ 10,92,000 ಇದ್ದರೆ ಒಂದು ಷೇರಿನ ಬೆಲೆ 650. 84 ಷೇರು ಕೊಂಡವಳು ಕಟ್ಟಿದ್ದು 42,000, ಎಣಿಸಿಕೊಳ್ಳೋದು 54,600.

28 ವಾರ ಅಂತ ಸುಮ್ಮನೆ ಹೇಳಿದ್ದಲ್ಲ. ಏಪ್ರಿಲ್ ಮಧ್ಯದಲ್ಲಿ ಕಟಾವು ಶುರುವಾದಾಗ ಕೈಯಲ್ಲಿ ಕಾಸಿರುತ್ತೆ, ಆಗ ಗುಂಪು ಆರಂಭಿಸಿ ಅಕ್ಟೋಬರ್ ಕೊನೆಗೆ ಹಂಚಿ. ನವೆಂಬರ್ ಮಳೆಗೆ ಮುಂಚೆ ಬೀಜ, ಗೊಬ್ಬರಕ್ಕೆ ದುಡ್ಡು ಬೇಕಾದ ಹೊತ್ತು ಅದೇ. ಡಿಸೆಂಬರಿಗೆ ಹಂಚಿದರೆ ಕ್ರಿಸ್‌ಮಸ್ ಬಟ್ಟೆಗೆ ಹೋಗುತ್ತೆ. ಹೋಗಬಾರದು ಅಂತೇನಿಲ್ಲ, ಆದರೆ ಬಿತ್ತನೆಗೆ ತಡವಾಗಿರುತ್ತೆ. ಎರಡನೇ ಸುತ್ತು ನವೆಂಬರಿನಿಂದ ಪೂರ್ತಿ ವರ್ಷ. ಹಸಿವಿನ ತಿಂಗಳುಗಳಲ್ಲಿ ಒಂದೇ ಷೇರು ಕೊಂಡರೂ ಸಾಕು ಅನ್ನೋ ನಿಯಮ ಇರಲಿ.

ಕಡೆಯದಾಗಿ, ದಾನಿಗಳ ಒಂದು ಕ್ವಾಚಾ ಕೂಡ ಆ ಪೆಟ್ಟಿಗೆಗೆ ಹಾಕಬೇಡಿ. ಪೆಟ್ಟಿಗೆ, ಬೀಗ, ಮುದ್ರೆ, ಪಾಸ್‌ಪುಸ್ತಕ ಕೊಡಿ. ಬೀಜಧನ ಅಂತ ಸೇರಿಸಿದ ದಿನದಿಂದ ಸಾಲ ತೀರಿಸುವ ಒತ್ತಡ ಸಡಿಲವಾಗುತ್ತೆ. ನೆರೆಯವಳ ದುಡ್ಡಾದರೆ ತೀರಿಸ್ತಾರೆ, ದೂರದ ಬೆಂಗಳೂರಿನದಾದರೆ ನಾಳೆ ನೋಡೋಣ ಅನ್ನುತ್ತಾರೆ.

ಹೊಸಹೆಜ್ಜೆ:
ತುಂಬಾ ಧನ್ಯವಾದ. ಜನವರಿ ಉದ್ಘಾಟನೆ ಕೈಬಿಡುವಂತೆ ದಾನಿಗಳಿಗೆ ಬರೀತೀನಿ. ಹೊಲಿಗೆ ಯಂತ್ರವೂ ಹೋಯ್ತು ಅಂದುಕೊಳ್ಳಿ. ಇನ್ನೂ ಮೂರು ಅನುಮಾನ. ಪಂಪಿನ ಬಿಡಿಭಾಗಕ್ಕೆ ಮನೆಮನೆಯಿಂದ ವಂತಿಗೆ ಎತ್ತಿದ ದುಡ್ಡು ಎಲ್ಲಿಡಬೇಕು? ಮೇಕೆಯನ್ನು ಯಾವಾಗ, ಹೇಗೆ ಹಂಚಬೇಕು? ಸಭೆಗೆ ಬಂದವರು ಭತ್ಯೆ ಕೇಳ್ತಾರೆ ಅಂತ ಕೇಳಿದ್ದೀನಿ, ಕೊಡಬೇಕಾ?

ಕೊಳವೆಭಟ್ಟ:
ವಂತಿಗೆಯನ್ನು ನಗದಾಗಿ ಕೂಡಿಡಬೇಡಿ. 2023ರ ನವೆಂಬರಿನಲ್ಲಿ ಡಾಲರಿನ ಅಧಿಕೃತ ದರ 1,180 ಕ್ವಾಚಾದ ಆಸುಪಾಸಿನಿಂದ ಒಂದೇ ಏಟಿಗೆ 1,700ಕ್ಕೆ ಹೋಯ್ತು. ಪಂಪಿನ ಬಿಡಿಭಾಗ ಹೊರದೇಶದ ಸರಕು. ಅಂಥ ಹೊತ್ತಿನಲ್ಲಿ ಸಮಿತಿಯ ಡಬ್ಬಿಯಲ್ಲಿರುವ ದುಡ್ಡು ಕಣ್ಣೆದುರೇ ಕರಗುತ್ತೆ. ಜೂನ್‌ನಲ್ಲಿ, ಜೋಳ ಮಾರಿದ ಕೂಡಲೇ ವರ್ಷದ ವಂತಿಗೆ ಒಟ್ಟಿಗೆ ಎತ್ತಿ, ಎರಡು ಜೊತೆ ಯು-ಸೀಲ್, ಒ-ರಿಂಗ್, ಬಾಬಿನ್, ಬುಷ್ ಕೊಂಡು ಡಬ್ಬಿಯಲ್ಲಿಡಿ. ತಿಂಗಳು ತಿಂಗಳು ಎತ್ತುತ್ತೇವೆ ಅನ್ನೋ ಸಮಿತಿ ಫೆಬ್ರುವರಿಯಲ್ಲಿ ಯಾರ ಮನೆಗೂ ಹೋಗೋಕಾಗಲ್ಲ. ಉಳಿದ ಚಿಲ್ಲರೆಯನ್ನು ಜಗಲಿ ಬ್ಯಾಂಕಿನಲ್ಲಿ ಸಮಿತಿಯ ಹೆಸರಿನ ಷೇರಾಗಿ ಇಡಬಹುದು.

ಖಾತೆಪುಸ್ತಕ:
ಕೊನೆಯ ಮಾತಿಗೆ ನನ್ನ ಒಪ್ಪಿಗೆ ಇಲ್ಲ, ಭಟ್ಟರೇ. ಜನವರಿಯಲ್ಲಿ ಪಂಪು ಕೆಟ್ಟರೆ ಆ ದುಡ್ಡು ಸಾಲವಾಗಿ ಯಾರದೋ ಮನೆಯಲ್ಲಿರುತ್ತೆ, ಅಕ್ಟೋಬರ್‌ವರೆಗೆ ಕೈಗೆ ಬರಲ್ಲ. ಇಡಲೇಬೇಕು ಅಂದರೆ ಅದೇ ಪೆಟ್ಟಿಗೆಯಲ್ಲಿ ಮೂರನೇ ಚೀಲ, ಸಾಲಕ್ಕೆ ಮುಟ್ಟಬಾರದು ಅಂತ ನಿಯಮ.

ಕೊಳವೆಭಟ್ಟ:
ಸರಿ, ಮೂರನೇ ಚೀಲ ಒಳ್ಳೇದು.

ಶಿರೆದಂಡೆ:
ಮೇಕೆ: ಜೂನ್-ಜುಲೈ ಬಿಟ್ಟು ಬೇರೆ ಕಾಲದಲ್ಲಿ ಹಂಚಬೇಡಿ. ಕಟಾವಾದ ಮೇಲೆ ಮೇಕೆಗಳು ಬಯಲಲ್ಲಿ ತಿರುಗಾಡಿ ಮೇಯುತ್ತವೆ, ಮಳೆಗಾಲದಲ್ಲಿ ಗೂಟಕ್ಕೆ ಕಟ್ಟಲೇಬೇಕು. ಡಿಸೆಂಬರಿನಲ್ಲಿ ಕೊಟ್ಟ ಮೇಕೆ ಪಕ್ಕದವನ ಮೆಕ್ಕೆಜೋಳಕ್ಕೆ ನುಗ್ಗಿ ಪಂಚಾಯ್ತಿಕಟ್ಟೆ ಹತ್ತುತ್ತೆ. ಮೊದಲು ನೆಲದಿಂದ ಎತ್ತರಿಸಿದ ಅಟ್ಟದ ದೊಡ್ಡಿ ಕಟ್ಟಿದ ಮನೆಗೆ ಮಾತ್ರ ಎರಡು ಹೆಣ್ಣು ಮೇಕೆ. ಸುಮಾರು 20 ಹೆಣ್ಣಿಗೆ ಒಂದು ಹೋತ. ಅದೇ ಜಿಲ್ಲೆಯ ಮೇಕೆಗಳನ್ನೇ ಕೊಳ್ಳಿ, ಜಂತುನಾಶಕ ಕುಡಿಸಿ, ಎರಡು ವಾರ ಬೇರೆ ಕಟ್ಟಿ ನೋಡಿ ಆಮೇಲೆ ಹಂಚಿ. ಹುಟ್ಟಿದ ಮೊದಲ ಹೆಣ್ಣುಮರಿಗಳು ಹಾಲು ಬಿಟ್ಟ ಮೇಲೆ ಮುಂದಿನ ಮನೆಗೆ. ಆ ಮುಂದಿನ ಮನೆ ಯಾವುದು ಅಂತ ಮೊದಲ ದಿನವೇ ಹೆಸರು ಬರೆಯಿರಿ, ಕಾಯುವವಳೇ ನಿಮ್ಮ ಮೇಲ್ವಿಚಾರಕಿ.

ಯಾರ ಹೆಸರಿಗೆ ಬರೀಬೇಕು ಅನ್ನೋದೂ ಮುಖ್ಯ. ಡೆಡ್ಜಾದ ಚೇವಾ ಜನರಲ್ಲಿ ವಂಶ, ಜಮೀನು ತಾಯಿಯ ಕಡೆಯಿಂದ. ಗಂಡ ಹೆಂಡತಿಯ ಊರಿಗೆ ಬಂದು ಇರ್ತಾನೆ, ಮನೆತನದ ತೀರ್ಮಾನ ಸೋದರಮಾವನದು, ಅವನನ್ನು ಮ್ವಿನಿ ಮ್ಬುಂಬಾ ಅಂತಾರೆ. ನಮ್ಮ ಕರಾವಳಿಯ ಅಳಿಯಸಂತಾನ ಗೊತ್ತಿದ್ದವರಿಗೆ ಅರ್ಥವಾಗಲು ಕಷ್ಟವಿಲ್ಲ. ಬಾವಿಗೆ, ಗೋದಾಮಿಗೆ ಜಾಗ ಬಿಟ್ಟುಕೊಟ್ಟ ಪತ್ರಕ್ಕೆ ಗಂಡನ ಸಹಿ ಹಾಕಿಸಿ ಸುಮ್ಮನಾದರೆ ಆ ಪತ್ರಕ್ಕೆ ಬೆಲೆಯಿಲ್ಲ. ಹೆಂಡತಿ, ಅವಳ ಅಕ್ಕತಂಗಿಯರು, ಸೋದರಮಾವ, ಹಳ್ಳಿ ಮುಖ್ಯಸ್ಥ ಇಷ್ಟು ಜನರ ಸಹಿ ಬೇಕು.

ಭತ್ಯೆ: ಹಳ್ಳಿಯವರು ತಮ್ಮದೇ ಹಳ್ಳಿಯ ಸಭೆಗೆ ಬಂದರೆ ಕೊಡಬೇಡಿ, ಮೊದಲ ಸಲ ಕೊಟ್ಟರೆ ಕೊನೆಯವರೆಗೂ ಕೊಡಬೇಕು. ಊರು ಬಿಟ್ಟು ತರಬೇತಿಗೆ ಬಂದರೆ ಊಟ, ಪ್ರಯಾಣದ ಖರ್ಚು ನ್ಯಾಯ. ಸರ್ಕಾರಿ ವಿಸ್ತರಣಾ ಕಾರ್ಯಕರ್ತರಿಗೆ ಬೈಕಿನ ಪೆಟ್ರೋಲು, ಮಧ್ಯಾಹ್ನದ ಊಟದ ದುಡ್ಡು, ಜಿಲ್ಲೆಯಲ್ಲಿ ಚಾಲ್ತಿಯಿರುವ ದರದಲ್ಲಿ. ಬಜೆಟ್ಟಿನಲ್ಲಿ ಇದನ್ನು ಬರೆಯದೆ ಹೋದವರು ಆಮೇಲೆ ಬೇರೆ ಬಾಬ್ತಿನಿಂದ ಕದ್ದು ಕೊಡ್ತಾರೆ. ಪೆಟ್ರೋಲಿನ ಕೊರತೆ ಅಲ್ಲಿ ಆಗಾಗ ಬರುತ್ತೆ, ದೂರದ ಹಳ್ಳಿಗಳ ಭೇಟಿಯನ್ನು ಒಂದೇ ದಿನಕ್ಕೆ ಗಂಟು ಹಾಕಿ.

ಇನ್ನೆರಡು ಮಾತು. ಊರಲ್ಲಿ ಸಾವಾದರೆ ಎಲ್ಲ ಕೆಲಸ ನಿಲ್ಲುತ್ತೆ, ನಿಮ್ಮ ಸಿಬ್ಬಂದಿಯೂ ಹೋಗಿ ಕೂರಬೇಕು. ಹಾಗಾಗಿ ವಾರದಲ್ಲಿ ಒಂದು ದಿನ ಖಾಲಿ ಇಟ್ಟುಕೊಂಡೇ ವೇಳಾಪಟ್ಟಿ ಮಾಡಿ. ಗುಲೆ ವಾಮ್ಕುಲು ಮುಖವಾಡದ ಆಚರಣೆ ಇರುವ ದಿನಗಳನ್ನು ಮುಖ್ಯಸ್ಥರಿಂದ ಮೊದಲೇ ಕೇಳಿ ತಿಳಿಯಿರಿ, ಆ ದಾರಿಯಲ್ಲಿ ಗಾಡಿ ನುಗ್ಗಿಸಬೇಡಿ.

ಹಾಗೇ ಕತ್ತಲಾದ ಮೇಲೆ ಯಾವ ಸರ್ವೆಯೂ ಬೇಡ. 2017ರಲ್ಲಿ ದಕ್ಷಿಣದ ಮುಲಾಂಜೆ, ಫಲೊಂಬೆ ಜಿಲ್ಲೆಗಳಲ್ಲಿ ರಕ್ತ ಹೀರುವವರು ಬಂದಿದ್ದಾರೆ ಅನ್ನೋ ವದಂತಿ ಹಬ್ಬಿ ಜನರ ಗುಂಪುಗಳು ಹಲವರನ್ನು ಕೊಂದವು, ವಿಶ್ವಸಂಸ್ಥೆ ಅಲ್ಲಿಂದ ಸಿಬ್ಬಂದಿಯನ್ನು ಹಿಂದಕ್ಕೆ ಕರೆಸಿತು. ಗುರುತಿಲ್ಲದ ಗಾಡಿ, ರಾತ್ರಿ ಟಾರ್ಚು, ರಕ್ತಪರೀಕ್ಷೆಯ ಸೂಜಿ, ಅಂಥ ವದಂತಿಗೆ ಇಷ್ಟು ಸಾಕು. ಪ್ರತಿ ಭೇಟಿಯ ದಿನಾಂಕ, ಗಾಡಿ ನಂಬರು, ಬರುವವರ ಹೆಸರು ಮುಂಚಿತವಾಗಿ ಮುಖ್ಯಸ್ಥರಿಗೂ ಹತ್ತಿರದ ಪೊಲೀಸ್ ಠಾಣೆಗೂ ಹೋಗಿರಲಿ.

ಖಾತೆಪುಸ್ತಕ:
ಬೆಂಗಳೂರಿನ ದಾನಿಗಳಿಗೆ ಒಂದು ಸೂಚನೆ. ಭಾರತದ ಧರ್ಮಾರ್ಥ ಟ್ರಸ್ಟ್ ಹೊರದೇಶದಲ್ಲಿ ಖರ್ಚು ಮಾಡಿದ ದುಡ್ಡಿಗೆ ಆದಾಯ ತೆರಿಗೆ ವಿನಾಯಿತಿ ತಾನಾಗಿ ಸಿಗಲ್ಲ, ನೇರ ತೆರಿಗೆ ಮಂಡಳಿಯ ಒಪ್ಪಿಗೆ ಬೇಕು. ಅದು ಬರೋಕೆ ಸಮಯ ಹಿಡಿಯುತ್ತೆ. ಏಪ್ರಿಲ್‌ಗೆ ಹಳ್ಳಿಗೆ ಇಳಿಯಬೇಕಾದರೆ ಲೆಕ್ಕಪರಿಶೋಧಕರ ಹತ್ತಿರ ಈ ವಾರವೇ ಹೋಗಿ.